ಅಪ್‌ಡೇಟ್: ಒಂದೇ ಕೊಠಡಿಯ ನಲಿಕಲಿ ಚಾರ್ಟ್‌ಗಳು

ನಮ್ಮದು ನಲಿಕಲಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ. ಒಂದೇ ಕೊಠಡಿ, ಮೂರು ತರಗತಿ, ಗೋಡೆಯ ಅರ್ಧಭಾಗ ಕಿಟಕಿಯೇ. ಚಾರ್ಟ್‌ಗಳನ್ನು ಎಲ್ಲಿ ಹಾಕೋದು, ಎಲ್ಲಿ ಇಡೋದು ಅಂತ ಕೇಳಿದ್ದೆ. ಈಗಿನ ವ್ಯವಸ್ಥೆ ಹೀಗಿದೆ.

ಸುಣ್ಣದ ಗೋಡೆಗೆ ಟೇಪ್ ನಿಲ್ಲಲ್ಲ, ಪುಡಿ ಸಮೇತ ಕಿತ್ತು ಬರುತ್ತೆ. ಹಾಗಾಗಿ ಗೋಡೆಯುದ್ದಕ್ಕೂ ತಂತಿ. ನೈಲಾನ್ ಹಗ್ಗ ಭಾರಕ್ಕೆ ಜೋತುಬೀಳುತ್ತೆ. ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ಬಿಗಿದು ನಾಲ್ಕಡಿಗೊಂದು ಹುಕ್ ಕೊಟ್ಟರೆ ಸಾಕು. 22×28 ಇಂಚಿನ ಚಾರ್ಟ್‌ಗೆ ಎರಡು ಬೈಂಡರ್ ಕ್ಲಿಪ್ ಬೇಕೇ ಬೇಕು, ಒಂದೇ ಹಾಕಿದರೆ ಫ್ಯಾನ್ ಗಾಳಿಗೆ ಗಿರಗಿರ ತಿರುಗುತ್ತೆ. ಕೆಳಗಂಚಿಗೆ ಬಿದಿರುಕಡ್ಡಿ.

ಉಳಿದವು ಬೀರುವಿನ ಪಕ್ಕ, ಕ್ಲಿಪ್ ಇರುವ ಪ್ಯಾಂಟ್ ಹ್ಯಾಂಗರ್‌ಗಳಲ್ಲಿ: ಒಂದೊಂದಕ್ಕೆ ಐದಾರು, ಮೇಲೆ ಪಾಠದ ಹೆಸರಿನ ಚೀಟಿ. ಸುತ್ತಿಡಲೇಬೇಕಾದರೆ ಚಿತ್ರ ಹೊರಮುಖವಾಗಿರಲಿ. ಬಿಡಿಸಿದಾಗ ಅಂಚು ಗೋಡೆಯತ್ತ ಬಾಗುತ್ತೆ, ಮುಂದಕ್ಕೆ ಸುರುಳಿಯಾಗಲ್ಲ. ಮಳೆಗಾಲದಲ್ಲಿ ಹೊರಗೋಡೆಗೆ ಒರಗಿಸಬೇಡಿ, ಬೂಷ್ಟು ಹಿಡಿಯುತ್ತೆ.