ಅಪ್ಲಿಕ್ ಕೆಲಸದ ಇಸ್ತ್ರಿಗೆ ಮನೆಯ ಸಾಮಾನು ಸಾಕೇ? ಬಲ್ಲವರು ಹೇಳಿ

ಮೈಸೂರಿನಿಂದ, ಕೇಳಿದವರು:
ಕ್ವಿಲ್ಟ್ (ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿಯುವ ಹೊದಿಕೆ) ಮತ್ತು ಅಪ್ಲಿಕ್ (ಬಟ್ಟೆಯ ಮೇಲೆ ಬೇರೆ ಬಟ್ಟೆಯ ತುಂಡು ಹೊಲಿದು ಚಿತ್ರ ಮೂಡಿಸುವುದು) ಕಲಿಯಲು ತೊಡಗಿದ್ದೇನೆ. ವಿಡಿಯೊಗಳಲ್ಲಿ ಹೊಲಿಗೆ ಒತ್ತಲು ಮರದ ದಿಮ್ಮಿ, ಉಣ್ಣೆಯ ಹಾಸು, ಪುಟ್ಟ ರೋಲರ್, ಅಂಟು ಹಿಡಿಯದ ಹಾಳೆ, ಶಾಖ ತಡೆಯುವ ಪ್ಲಾಸ್ಟಿಕ್ ಅಚ್ಚು ಎಂದು ಒಂದೊಂದು ಕೆಲಸಕ್ಕೂ ಒಂದೊಂದು ಸಾಧನ ತೋರಿಸುತ್ತಾರೆ. ಎಲ್ಲವನ್ನೂ ತರಿಸಿದರೆ ಬಟ್ಟೆಗಿಂತ ಇವುಗಳಿಗೇ ಹೆಚ್ಚು ಹಣ ಹೋಗುತ್ತದೆ. ಮನೆಯಲ್ಲಿರುವ ಯಾವ ವಸ್ತುಗಳಿಂದ ಈ ಕೆಲಸ ಆಗುತ್ತದೆ?

ಚಳ್ಳಕೆರೆ ಕಡೆಯಿಂದ:
ಅಕ್ಕ, ಆ ಸಾಧನಗಳ ಹೆಸರು ಬದಿಗಿಟ್ಟು ಅವು ಮಾಡುವ ಕೆಲಸ ನೋಡಿ. ಬಿಸಿ ಹಿಡಿದಿಡಬೇಕು, ತೇವ ಹೀರಬೇಕು, ಬಟ್ಟೆ ಆರುವ ತನಕ ಭಾರ ಹೇರಬೇಕು. ಇಷ್ಟೇ.

ಉಣ್ಣೆಯ ಹಾಸಿನ ಬದಲಿಗೆ ನಮ್ಮ ಕರಿ ಕಂಬಳಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಉಣ್ಣೆ ಬಿಸಿಯನ್ನು ಹಿಡಿದಿಟ್ಟು ಕೆಳಗಿನಿಂದಲೂ ಕೊಡುತ್ತದೆ. ಹೊಲಿಗೆಯ ಉಬ್ಬು ಅದರ ಮೆತ್ತೆಯೊಳಗೆ ಇಳಿಯುವುದರಿಂದ ಬಟ್ಟೆಯ ಮುಂಬದಿ ನಯವಾಗಿ ಕೂರುತ್ತದೆ. ಕೈಮಗ್ಗದ ಕಂಬಳಿಗೆ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ. ಹಾಗಾಗಿ ಮೊದಲು ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ನಾಲ್ಕು ಮಡಿಕೆ ಮಾಡಿ, ಮೇಲೆ ಹಳೆಯ ಬಿಳಿ ಪಂಚೆ ಬಿಗಿಯಾಗಿ ಸುತ್ತಿ. ಕಂಬಳಿ ಎಂದು ಮಾರುವುದೆಲ್ಲ ಉಣ್ಣೆಯಲ್ಲ. ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅದನ್ನು ಇಸ್ತ್ರಿಯ ಹತ್ತಿರವೂ ತರಬೇಡಿ.

ದಿಮ್ಮಿಗೆ ಬಡಗಿಯ ಬಳಿ ಉಳಿದ ಮರದ ತುಂಡು ಕೇಳಿ, ಅಂಗೈಯಗಲ ಇದ್ದರೆ ಸಾಕು. ವಾರ್ನಿಷ್, ಎಣ್ಣೆ ತಾಗಿರಬಾರದು. ಹೊನ್ನೆ, ಹಲಸು ಬೇಡ, ಒದ್ದೆಯಾದರೆ ಬಣ್ಣ ಬಿಡುತ್ತವೆ. ಮಾವಿನ ಮರವಾದೀತು. ಮರಳು ಕಾಗದದಿಂದ ಚೆನ್ನಾಗಿ ಉಜ್ಜಿಸಿಕೊಳ್ಳಿ. ಹೊಲಿಗೆಗೆ ಹಬೆ ಕೊಟ್ಟು ಇಸ್ತ್ರಿ ಎತ್ತಿದ ಕ್ಷಣವೇ ಮರ ಇಟ್ಟು ಒತ್ತಿ, ಬಟ್ಟೆ ತಣ್ಣಗಾಗುವ ತನಕ ಬಿಡಿ. ಮಡಿಕೆ ನಿಲ್ಲುವುದು ಬಿಸಿಯಿದ್ದಾಗಲ್ಲ, ಆರುವಾಗ. ಬಿಸಿ ತುಂಡನ್ನು ಎತ್ತಿ ನೋಡುವ ಅವಸರ ಮಾಡಿದರೆ ಎಷ್ಟು ಬೆಲೆಯ ಸಾಧನವಿದ್ದರೂ ವ್ಯರ್ಥ.

ಬೆಂಗಳೂರಿನಿಂದ:
ರೋಲರ್ ಬದಲು ಲಟ್ಟಣಿಗೆ. ಅಡುಗೆಮನೆಯದು ಬೇಡ, ಅದರಲ್ಲಿ ತುಪ್ಪ, ಎಣ್ಣೆ ಇಳಿದಿರುತ್ತದೆ. ಚಿಕ್ಕದೊಂದನ್ನು ಹೊಲಿಗೆಗೆಂದೇ ಇಟ್ಟುಕೊಳ್ಳಿ. ಪುಟ್ಟ ಹೊಲಿಗೆಗಳಿಗೆ ಸ್ಟೀಲ್ ಚಮಚದ ಬೆನ್ನು ಸಾಕು.

ಅಂಟದ ಹಾಳೆಗೆ ಬೇಕಿಂಗ್ ಪೇಪರ್ ಬಳಸಬಹುದು. ಆದರೆ ಅಂಗಡಿಯಲ್ಲಿ ಬಟರ್ ಪೇಪರ್ ಎಂದರೆ ಎರಡು ಬಗೆಯದು ಕೊಡುತ್ತಾರೆ. ಓವನ್‌ಗೆ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ. ಮೇಣ ಹಚ್ಚಿದ್ದು ಇಸ್ತ್ರಿಗೂ ಬಟ್ಟೆಗೂ ಮೆತ್ತಿಕೊಳ್ಳುತ್ತದೆ.

ಅಮೆರಿಕದಿಂದ:
ಇಲ್ಲಿ ಅಪ್ಲಿಕ್ ಅಚ್ಚಿಗೆ ಫ್ರೀಜರ್ ಪೇಪರ್ ಬಳಸುತ್ತಾರೆ. ಮಾಂಸ ಸುತ್ತಿಡಲು ಮಾಡಿದ ಕಾಗದ, ಒಂದು ಬದಿಗೆ ತೆಳು ಪ್ಲಾಸ್ಟಿಕ್ ಲೇಪ. ಬಿಸಿ ತಾಗಿದರೆ ಬಟ್ಟೆಗೆ ಹಗುರವಾಗಿ ಹಿಡಿದುಕೊಂಡು, ಕೆಲಸ ಮುಗಿದ ಮೇಲೆ ಕಲೆ ಉಳಿಸದೆ ಬಿಟ್ಟುಬರುತ್ತದೆ. ಊರಿನಲ್ಲಿ ಜೆರಾಕ್ಸ್ ಅಂಗಡಿಯವರು ಎಸೆಯುವ ಎ4 ಕಾಗದದ ಕಟ್ಟಿನ ಹೊದಿಕೆ ಕೇಳಿ ನೋಡಿ. ಒಳಬದಿಗೆ ನುಣುಪಾದ ಲೇಪವಿರುವ ಹೊದಿಕೆ ಇದೇ ಕೆಲಸ ಮಾಡುತ್ತದೆ. ಎಲ್ಲ ಕಂಪನಿಯದೂ ಹಾಗಿರುವುದಿಲ್ಲ, ಚಿಂದಿಯ ಮೇಲೆ ಮೊದಲು ಒತ್ತಿ ನೋಡಿಕೊಳ್ಳಿ.

ಧಾರವಾಡದಿಂದ:
ಇಸ್ತ್ರಿಯೇ ಬೇಡದ ದಾರಿಯೂ ಒಂದಿದೆಯಲ್ಲ! ನಮ್ಮ ಕಡೆ ಕೌದಿ ಹೊಲಿಯುವವರು ತುಂಡಿನ ಅಂಚನ್ನು ಹೆಬ್ಬೆರಳ ಉಗುರಿನಿಂದ ಗೀರಿ ಮಡಚುತ್ತಾರೆ, ಮಡಚಿದಷ್ಟನ್ನು ಆಗಲೇ ಹೊಲಿದು ಮುಂದೆ ಸಾಗುತ್ತಾರೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೌದಿ ನೋಡಿ. ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ, ತುಂಡುಗಳು ತಲೆಮಾರು ಕಳೆದರೂ ಕದಲುವುದಿಲ್ಲ. ಒಗೆದು ಮೆತ್ತಗಾದ ಹತ್ತಿ ಸೀರೆ ಉಗುರಿನ ಮಾತು ಕೇಳುತ್ತದೆ. ಪಾಲಿಯೆಸ್ಟರ್ ಕೇಳುವುದಿಲ್ಲ.

ಹೊಸ ಬಟ್ಟೆಯಾದರೆ ಗಂಜಿ ಬೇಕು. ಡಬ್ಬಿಯ ಸ್ಪ್ರೇ ಕೊಳ್ಳಬೇಡಿ. ಸಬ್ಬಕ್ಕಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಟ್ಟೆಯಲ್ಲಿ ಸೋಸಿ. ಅದು ತಿಳಿಯಾಗಿರುತ್ತದೆ. ಅಕ್ಕಿ ಗಂಜಿ ಗಾಢ ಬಣ್ಣದ ಬಟ್ಟೆಯ ಮೇಲೆ ಬಿಳಿ ಕಲೆ ಬಿಡುತ್ತದೆ. ತುಂಡಿನ ಹಿಂಬದಿಗೆ ರಟ್ಟಿನ ಅಚ್ಚು ಇಟ್ಟು, ಹೊರಚಾಚಿದ ಅಂಚಿಗೆ ಮಾತ್ರ ಚಿತ್ರ ಬರೆಯುವ ಕುಂಚದಿಂದ ಗಂಜಿ ಸವರಿ, ರಟ್ಟಿನ ಮೇಲೆ ಮಡಚಿ ಇಸ್ತ್ರಿಯ ಮೂತಿಯಿಂದ ಒತ್ತಿ. ಒತ್ತುವುದು ಎಂದರೆ ಇಟ್ಟು ಎತ್ತುವುದು. ಎಳೆದರೆ ಅಂಚು ಹಿಗ್ಗುತ್ತದೆ, ಕ್ರಾಸ್ ಆಗಿ ಕತ್ತರಿಸಿದ ಅಂಚಾದರೆ ಕೇಳುವುದೇ ಬೇಡ. ಗಂಜಿ ಮರುದಿನಕ್ಕೆ ಹುಳಿಯುತ್ತದೆ, ಬೇಕಾದಷ್ಟೇ ಮಾಡಿ. ಮುಗಿದ ಮೇಲೆ ಒಗೆದು ತೆಗೆಯಿರಿ, ಇಲ್ಲದಿದ್ದರೆ ಜಿರಲೆ ಕಾಡುತ್ತದೆ.

ಕೇಳಿದವರು:
ಎಲ್ಲರಿಗೂ ಮನಸಾರೆ ವಂದನೆ. ರಟ್ಟಿಗೆ ಲಗ್ನಪತ್ರಿಕೆ ಆಗುತ್ತದೆಯೇ? ದುಂಡನೆಯ ತುಂಡುಗಳನ್ನು ಕೋನ ಬಾರದಂತೆ ಮಡಚುವುದು ಹೇಗೆ?

ಧಾರವಾಡದಿಂದ:
ಲಗ್ನಪತ್ರಿಕೆಯ ಬಂಗಾರದ ಅಚ್ಚು ಬಿಸಿಗೆ ಬಟ್ಟೆಗೆ ಇಳಿಯಬಹುದು. ಕಚೇರಿಯ ಸಾದಾ ಫೈಲಿನ ರಟ್ಟು ತೆಗೆದುಕೊಳ್ಳಿ. ಬಳೆ ಇಟ್ಟು ಗೆರೆ ಎಳೆಯಿರಿ. ಚಿಕ್ಕದು ಬೇಕಿದ್ದರೆ ಹತ್ತು ರೂಪಾಯಿಯ ನಾಣ್ಯ, ಅದು 27 ಮಿಲಿಮೀಟರ್ ಅಗಲ. ಬಟ್ಟೆಯನ್ನು ಸುತ್ತಲೂ ಕಾಲು ಅಂಗುಲ ಹೆಚ್ಚು ಬಿಟ್ಟು ಕತ್ತರಿಸಿ, ಆ ಅಂಚಿನೊಳಗೆ ಸಣ್ಣ ಸಣ್ಣ ಕಚ್ಚಾ ಹೊಲಿಗೆ ಹಾಕಿ, ನಡುವೆ ರಟ್ಟು ಇಟ್ಟು ನೂಲು ಎಳೆಯಿರಿ. ಅಂಚು ತಾನಾಗಿ ನೆರಿಗೆಗಟ್ಟಿ ಒಳಗೆ ಸೇರುತ್ತದೆ. ಮೇಲೆ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿ ಎರಡೂ ಬದಿ ಇಸ್ತ್ರಿ ಒತ್ತಿ. ಫಾಯಿಲ್ ಬಿಸಿಯಾಗಿರುತ್ತದೆ, ಪೂರ್ತಿ ಆರಿದ ಮೇಲೆಯೇ ಬಿಚ್ಚಿ. ನೂಲು ತುಸು ಸಡಿಲಿಸಿ ರಟ್ಟನ್ನು ಜಾರಿಸಿ ತೆಗೆದು, ಮತ್ತೆ ಎಳೆದು ಹೊಲಿದುಬಿಡಿ. ಒಂದೇ ರಟ್ಟು ಎಷ್ಟೋ ವೃತ್ತಗಳಿಗೆ ಬರುತ್ತದೆ. ಅಂಚು ಮೆತ್ತಗಾದಾಗ ಹೊಸದು ಕತ್ತರಿಸಿಕೊಳ್ಳಿ.