ರಜೆಯಲ್ಲಿ ಲೈನ್ ಮನೆ ಮಕ್ಕಳಿಗೆ ಮಧ್ಯಾಹ್ನದ ಊಟ: ಯಾರಾದರೂ ಮಾಡಿದ್ದೀರಾ?

ಲೀಡ್ಸ್ (ಊರು ಸುಂಟಿಕೊಪ್ಪ ಕಡೆ):
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆ ತಿನ್ನುತ್ತಿದೆ. ಹೋದ ಏಪ್ರಿಲ್‌ನಲ್ಲಿ ಕೊಡಗಿನ ಅಮ್ಮನ ಮನೆಗೆ ಹೋಗಿದ್ದಾಗ ಮಗಳು ಲೈನ್ ಮನೆ (ಕಾಫಿ ತೋಟದ ಕೂಲಿಯವರ ಸಾಲುಮನೆ) ಮಕ್ಕಳ ಜೊತೆ ಆಡಿಕೊಂಡಿದ್ದಳು. ಅಪ್ಪ ಅಮ್ಮಂದಿರೆಲ್ಲ ತೋಟದಲ್ಲಿ. ಮಧ್ಯಾಹ್ನ ಅವರಲ್ಲಿ ದೊಡ್ಡ ಹುಡುಗಿ, ಹತ್ತು ವರ್ಷ ಇರಬಹುದು, ಬೆಳಗಿನ ತಣ್ಣನೆ ಅನ್ನವನ್ನು ಚಿಕ್ಕವರ ತಟ್ಟೆಗೆ ಹಾಕಿ ಉಪ್ಪು, ಸುಟ್ಟ ಒಣಮೆಣಸು ಇಟ್ಟಳು. ತಾನು ಬೆಲ್ಲದ ಕರಿಕಾಫಿ ಕುಡಿದು ಎದ್ದಳು. ಶಾಲೆ ಇದ್ದಿದ್ದರೆ ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಸಿಗುತ್ತಿತ್ತು.

“ಇವರಿಗೆ ಹಾಲಿಡೇ ಕ್ಲಬ್ ಇಲ್ವಾ ಅಮ್ಮಾ?” ಅಂತ ಮಗಳು ಕೇಳಿದಳು. ಇಂಗ್ಲೆಂಡಿನಲ್ಲಿ ಶಾಲೆಯ ಉಚಿತ ಊಟ ಪಡೆಯುವ ಬಡ ಮಕ್ಕಳಿಗೆ ಈಸ್ಟರ್, ಬೇಸಿಗೆ, ಕ್ರಿಸ್‌ಮಸ್ ರಜೆಯಲ್ಲೂ ಕ್ಲಬ್ ಇರುತ್ತೆ. ಆಟವೂ ಇದೆ, ಊಟವೂ ಇದೆ. ಅವಳ ಗೆಳತಿಯರು ಹೋಗುತ್ತಾರೆ, ಅವಳಿಗೆ ಅದು ಮಾಮೂಲಿ.

ಈ ಸಲ ಏಪ್ರಿಲ್, ಮೇ ಎರಡೂ ತಿಂಗಳು ಊಟ ಹಾಕಿಸೋಣ ಅಂತಿದ್ದೇನೆ. ಅಮ್ಮನಿಗೆ ಒಪ್ಪಿಗೆ, ಅಣ್ಣನಿಗೆ ಇಲ್ಲ. ನಾವು ಇರುವುದು ಈಸ್ಟರ್ ರಜೆಯಷ್ಟು ದಿನ. ಆಮೇಲೆ ಯಾರು ಬೇಯಿಸುವುದು? ದುಡ್ಡು ಹೇಗೆ ಕಳಿಸುವುದು? ಮಾಡಿದವರು ಇದ್ದರೆ ಹೇಳಿ.

ನ್ಯೂಜೆರ್ಸಿ (ಊರು ಗೋಣಿಕೊಪ್ಪ):
ಒಳ್ಳೆ ಯೋಚನೆ ತಂಗಿ. ಅಮೆರಿಕದಲ್ಲಿ ಬೇಸಿಗೆ ರಜೆ ಬಂತು ಅಂದರೆ ಪಾರ್ಕು, ಲೈಬ್ರರಿ, ಶಾಲೆಗಳಲ್ಲಿ ಊಟ ಕೊಡುತ್ತಾರೆ. 18 ವರ್ಷದವರೆಗಿನ ಯಾವ ಮಗು ಬೇಕಾದರೂ ಬರಬಹುದು, ಸಂಬಳದ ಚೀಟಿ ತೋರಿಸು ಅಂತ ಯಾರೂ ಕೇಳುವುದಿಲ್ಲ. 2024ರಿಂದ ಸೇರಿಕೊಂಡ ರಾಜ್ಯಗಳಲ್ಲಿ ಬಡ ಮಕ್ಕಳಿಗೆ ಬೇಸಿಗೆಯ ಮೂರು ತಿಂಗಳು ತಿಂಗಳಿಗೆ 40 ಡಾಲರ್‌ನ ಕಾರ್ಡ್ ಕೂಡ ಇದೆ. ನನ್ನ ಮಗ ಎರಡು ಬೇಸಿಗೆ ಅಲ್ಲೇ ಸೇವೆ ಮಾಡಿದ್ದಾನೆ. ಕಾಲೇಜು ಅರ್ಜಿಯಲ್ಲಿ ಅದನ್ನೇ ಬರೆದ, ಒಳ್ಳೆ ಕಡೆ ಸೀಟ್ ಸಿಕ್ಕಿತು. ಮಗಳಿಗೆ ಈಗಲೇ ಅಭ್ಯಾಸ ಮಾಡಿಸಿ.

ಮಸ್ಕತ್ (ಊರು ಸಿದ್ದಾಪುರ):
ಅಕ್ಕಾ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಾವೂ ಕಾಫಿ ಕಣದಲ್ಲಿ ಲೈನ್ ಮನೆ ಹುಡುಗರ ಜೊತೆ ಕ್ರಿಕೆಟ್ ಆಡಿದವರೇ. ಊಟದ ಹೊತ್ತಿಗೆ ನಾನು ಒಳಗೆ, ಅವರು ಹಿತ್ತಲ ಮೆಟ್ಟಿಲ ಮೇಲೆ. ಅಜ್ಜಿ ಎಲೆಯಲ್ಲಿ ಹಾಕಿಕೊಡುತ್ತಿದ್ದರು. ಆಗ ಅದು ಏನೂ ಅನಿಸಲಿಲ್ಲ. ನನ್ನ ಮಕ್ಕಳಿಗಂತೂ ಲೈನ್ ಮನೆಯವರ ಹೆಸರೂ ಗೊತ್ತಿಲ್ಲ. ರಜೆಗೆ ಹೋದರೆ ವೈಫೈ ಹುಡುಕುತ್ತಾರೆ. ನಿಮ್ಮ ಮಗಳು ಅಷ್ಟಾದರೂ ಕೇಳಿದಳಲ್ಲ.

ದುಬೈ (ಊರು ಪೊನ್ನಂಪೇಟೆ):
ಕ್ಷಮಿಸಿ, ನೇರವಾಗಿ ಹೇಳುತ್ತೇನೆ. ಹೊರಗೆ ಕೂತು ಊರಿಗೆ ಧರ್ಮ ಹೇಳುವುದು ಸುಲಭ. ಅನ್ನಭಾಗ್ಯದ ಅಕ್ಕಿ ಇದೆ, ಹೆಂಗಸರಿಗೆ ಬಸ್ ಫ್ರೀ, ಈಗ ರಜೆಯಲ್ಲೂ ಊಟ. ಇನ್ನು ಕೆಲಸಕ್ಕೆ ಯಾರು ಬರುತ್ತಾರೆ? ಕುಯ್ಲಿಗೆ ಜನ ಸಿಗದೆ ರೋಬಸ್ಟಾ ಗಿಡದಲ್ಲೇ ಒಣಗಿದ್ದು ನಮ್ಮ ತೋಟದಲ್ಲೇ. ನಾವು ಹಲಸಿನ ಹಣ್ಣು, ಕಾಡುಮಾವು ತಿಂದು ಬೆಳೆದೆವು, ಏನಾಯಿತು? ಮಕ್ಕಳನ್ನು ಹೆತ್ತವರು ಸಾಕಬೇಕು. ನಿಮ್ಮ ಅಣ್ಣ ಹೇಳುವುದೇ ಸರಿ.

ಬರ್ಮಿಂಗ್‌ಹ್ಯಾಮ್ (ಊರು ಸೋಮವಾರಪೇಟೆ):
ಅಣ್ಣಾ, ಕಾಫಿಗೆ ರೇಟ್ ಬಂದಾಗ ಕಾರು ಬದಲಾಯಿಸುತ್ತೇವೆ, ಕೂಲಿ ಬದಲಾಗುತ್ತಾ? ಸರಿಯಾಗಿ ಕೂಲಿ ಕೊಟ್ಟರೆ ಈ ಚರ್ಚೆಯೇ ಬೇಡ. ಇನ್ನೊಂದು, ಅಸ್ಸಾಂನಿಂದ ಬಂದವರ ರೇಷನ್ ಕಾರ್ಡ್ ಊರಲ್ಲಿ ಅಜ್ಜ ಅಜ್ಜಿ ಹತ್ತಿರ ಇರುತ್ತೆ. ಯಾವ ಅನ್ನಭಾಗ್ಯ?

ದುಬೈ (ಊರು ಪೊನ್ನಂಪೇಟೆ):
ತೋಟ ನಡೆಸಿ ನೋಡಿ, ಆಮೇಲೆ ಕೂಲಿ ಮಾತಾಡಿ. ಗೊಬ್ಬರ, ಡೀಸೆಲ್, ಆನೆ ತುಳಿದ ಗಿಡ, ಎಲ್ಲದರ ಲೆಕ್ಕ ಯಾರು ಕೊಡುತ್ತಾರೆ?

ಕುಶಾಲನಗರ (ಮೊದಲು ಮೆಲ್ಬರ್ನ್):
ಲೀಡ್ಸ್ ಅಕ್ಕ, ನಾವು ವಾಪಸ್ ಬಂದ ಮೇಲೆ ಸಣ್ಣದಾಗಿ ಮಾಡುತ್ತಿದ್ದೇವೆ. ಗೊತ್ತಿರುವುದು ಹೇಳುತ್ತೇನೆ.

ಬೇಯಿಸುವವರ ಚಿಂತೆ ಬೇಡ. ನಿಮ್ಮ ಊರಿನ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಯವರನ್ನು ಕೇಳಿ. ಬೇಸಿಗೆ ರಜೆಯಲ್ಲಿ ಅವರಿಗೆ ಗೌರವಧನ ಇರುವುದಿಲ್ಲ, ನೀವು ಕೊಟ್ಟರೆ ಅವರಿಗೂ ಆಸರೆ. ಯಾವ ಮಗು ಎಷ್ಟು ತಿನ್ನುತ್ತೆ ಅಂತ ಅವರಿಗೆ ಗೊತ್ತು. ಶಾಲೆಯ ಅಡುಗೆಮನೆ ಬೇಕಾದರೆ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಇಬ್ಬರನ್ನೂ ಬರವಣಿಗೆಯಲ್ಲಿ ಕೇಳಿ. ಅಲ್ಲಿ ಉಳಿದಿರುವ ಅಕ್ಕಿ ಬೇಳೆ ಮುಟ್ಟಬೇಡಿ, ಅದರ ಲೆಕ್ಕ ಬೇರೆ.

ದುಡ್ಡಿನ ವಿಷಯ. ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮ್ಮ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡಿದ್ದರೆ ಟ್ರಸ್ಟಿಗೆ ಕೊಡುವ ದುಡ್ಡು ವಿದೇಶಿ ದೇಣಿಗೆಯೇ, ಆ ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಅಥವಾ ಮುಂಚಿತ ಅನುಮತಿ ಇರಬೇಕು. ಸಣ್ಣ ಖರ್ಚು ಅಮ್ಮನ ಕೈಯಲ್ಲೇ ನಡೆಯಲಿ.

ಸಮಯ ಹನ್ನೊಂದರಿಂದ ಎರಡು ಗಂಟೆ ಇಟ್ಟುಕೊಳ್ಳಿ. ಹಲಸು ಹಣ್ಣಾಗುವ ಕಾಲ, ಬೆಳಗ್ಗೆ ಸಂಜೆ ಆನೆ ದಾರಿಯಲ್ಲೇ ಇರುತ್ತೆ. ಮಕ್ಕಳನ್ನು ಒಂಟಿಯಾಗಿ ನಡೆಸಬೇಡಿ. ಬರೀ ಊಟಕ್ಕೆ ಕರೆದರೆ ದೊಡ್ಡ ಹುಡುಗಿಯರು ನಾಚಿಕೊಂಡು ಬರುವುದಿಲ್ಲ. ಕೇರಂ, ಬಣ್ಣದ ಪೆನ್ಸಿಲ್ ಇಡಿ. ಕೆಲವು ಪಂಚಾಯಿತಿಗಳ ಅರಿವು ಕೇಂದ್ರದಲ್ಲಿ (ಊರ ಗ್ರಂಥಾಲಯ) ಮೇ ತಿಂಗಳಲ್ಲಿ ಬೇಸಿಗೆ ಶಿಬಿರ ಇರುತ್ತೆ, ಅದರ ಜೊತೆ ಊಟ ಸೇರಿಸಿದರೆ ಇನ್ನೂ ಸುಲಭ.

ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ರಜೆ ಅಂದರೆ ಏಪ್ರಿಲ್, ಮೇ ಅಷ್ಟೇ ಅಲ್ಲ. ಜುಲೈ, ಆಗಸ್ಟ್‌ನಲ್ಲಿ ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟ ದಿನ ಬಿಸಿಯೂಟವೂ ಇಲ್ಲ. ಜೋರು ಮಳೆಗೆ ತೋಟದ ಕೆಲಸ ನಿಂತರೆ ದಿನಗೂಲಿಯವರಿಗೆ ಅವತ್ತಿನ ಕೂಲಿಯೂ ಇಲ್ಲ. ನಮಗೆ ಜಾಸ್ತಿ ಕಷ್ಟ ಕಂಡದ್ದು ಆಗಲೇ. ಬೇಸಿಗೆಯಲ್ಲಿ ಕಾಳುಮೆಣಸು, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಅಂತ ಏನಾದರೂ ಕೆಲಸ ಇರುತ್ತೆ.

ಕೊಪ್ಪಳದವಳು, ಈಗ ಸಿಂಗಪುರ:
ಸರ್ಕಾರ ಮನಸ್ಸು ಮಾಡಿದರೆ ಆಗುತ್ತೆ. 2004ರಲ್ಲೇ ಸುಪ್ರೀಂ ಕೋರ್ಟ್ ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಿ ಅಂದಿದೆ. 2024ರ ಬೇಸಿಗೆಯಲ್ಲಿ ನಮ್ಮ ರಾಜ್ಯದ ಬರ ತಾಲ್ಲೂಕುಗಳಲ್ಲಿ ಕೊಟ್ಟರು. ಬರ ಇಲ್ಲದ ವರ್ಷ ಹಸಿವು ಇರುವುದಿಲ್ಲವೇ?

ದುಬೈ (ಊರು ಪೊನ್ನಂಪೇಟೆ):
ನೋಡಿ, ಕೊನೆಗೆ ಎಲ್ಲ ಸರ್ಕಾರದ ತಲೆಗೆ. ನಾನು ಹೇಳಿದ್ದೂ ಇದನ್ನೇ.

ಬರ್ಮಿಂಗ್‌ಹ್ಯಾಮ್ (ಊರು ಸೋಮವಾರಪೇಟೆ):
ನೀವು ಹೇಳಿದ್ದು ಇದನ್ನಲ್ಲ ಅಣ್ಣಾ. ಮೇಲೆ ಹೋಗಿ ಓದಿ. ಕೂಲಿ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.

ನ್ಯೂಜೆರ್ಸಿ (ಊರು ಗೋಣಿಕೊಪ್ಪ):
ಇಬ್ಬರೂ ಬಿಡಿ ಮಾರಾಯ್ರೇ. ಈ ಸಲ ಕೈಲ್‌ಪೊಳ್ದ್ ಹಬ್ಬಕ್ಕೆ ಯಾರ್ಯಾರು ಊರಿಗೆ ಹೋಗುತ್ತಿದ್ದೀರಿ? ಟಿಕೆಟ್ ಈಗಲೇ ಏರಿದೆ.

ಲೀಡ್ಸ್ (ಊರು ಸುಂಟಿಕೊಪ್ಪ ಕಡೆ):
ಕುಶಾಲನಗರದ ಅಕ್ಕ, ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರ ಜಗಳದ ಮಧ್ಯೆ ಸಿಕ್ಕಿಹಾಕಿಕೊಂಡಿತ್ತು, ಈಗಷ್ಟೇ ನೋಡಿದೆ. ಅಡುಗೆಯವರನ್ನು ಅಮ್ಮ ನಾಳೆಯೇ ಕೇಳುತ್ತಾರಂತೆ. ಮಳೆ ರಜೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಿಂದಿನ ರಾತ್ರಿ ರಜೆ ಘೋಷಣೆ ಆದರೆ ಬೆಳಗ್ಗೆ ಅಡುಗೆಗೆ ಹೇಗೆ ಹೊಂದಿಸುತ್ತೀರಿ? ಮಕ್ಕಳು ಆ ಮಳೆಯಲ್ಲಿ ಬರುತ್ತಾರಾ?

ಕುಶಾಲನಗರ (ಮೊದಲು ಮೆಲ್ಬರ್ನ್):
ಬರುವುದಿಲ್ಲ, ನಾವೇ ಲೈನ್ ಮನೆಗೆ ಜೀಪಿನಲ್ಲಿ ಕಳಿಸುತ್ತೇವೆ. ಅಕ್ಕಿ, ಬೇಳೆ, ಒಣ ಸೌದೆ ಜೂನ್‌ಗೆ ಮೊದಲೇ ತುಂಬಿಸಿಡಬೇಕು. ಮೊಟ್ಟೆ ಮಾತ್ರ ಆವತ್ತು ಬೆಳಗ್ಗೆ. ಅಮ್ಮನ ಫೋನ್ ನಂಬರ್ ನನಗೆ ಖಾಸಗಿಯಾಗಿ ಕಳಿಸಿ, ಮಾತಾಡುತ್ತೇನೆ.