ಅಪ್‌ಡೇಟ್: ಲೆನ್ಸ್ ಸರಿಯಾಗಿತ್ತು, ತಪ್ಪಿದ್ದು ಹಾರ್ನ್ ಆಂಟೆನಾ ಇಟ್ಟ ಜಾಗ

10 ಗಿಗಾಹರ್ಟ್ಸ್ ಹಾರ್ನ್ (ಅಗಲ ಬಾಯಿಯ ಕೊಳವೆಯಂಥ ಆಂಟೆನಾ) ಮುಂದೆ ಟೆಫ್ಲಾನ್ ಲೆನ್ಸ್ ಇಟ್ಟರೂ ಗೇನ್, ಅಂದರೆ ಅಲೆಯನ್ನು ಒಂದೇ ದಿಕ್ಕಿಗೆ ಕೂಡಿಸುವ ಬಲ, ಯಾಕೆ ಏರುತ್ತಿಲ್ಲ ಅಂತ ಕೇಳಿದ್ದೆ. ಕಾರಣ ಸಿಕ್ಕಿತು.

ಲೆನ್ಸಿನದು 150 ಮಿ.ಮೀ. ವ್ಯಾಸ, ಅಷ್ಟೇ ಫೋಕಲ್ ದೂರ, ನಡುವೆ 33 ಮಿ.ಮೀ. ದಪ್ಪ. ವಕ್ರೀಭವನಾಂಕ 1.45 ಹಿಡಿದು ಮಾಡಿದ, ಲೆನ್ಸಿನ ಬಾಗಿದ ಮೈಯ ಹೈಪರ್ಬೋಲಾ ಆಕಾರದ ಲೆಕ್ಕ ಸರಿಯೇ ಇತ್ತು. ಆದರೆ ಲೆನ್ಸಿಗೆ ಇರಬೇಕಾದ ಫೋಕಲ್ ದೂರವನ್ನು ಹಾರ್ನ್ ಬಾಯಿಯಿಂದ ಅಳೆದಿದ್ದೆ. ಅಲೆ ಹೊರಟಂತೆ ಕಾಣುವ ಬಿಂದು, ಅಂದರೆ ಫೇಸ್ ಸೆಂಟರ್, ಇದ್ದದ್ದು ಬಾಯಿಯಿಂದ ಒಳಗೆ. ಇದನ್ನು ಸೂಚಿಸಿದವರಿಗೆ ಮನಸಾರೆ ಧನ್ಯವಾದ. ಹಾರ್ನನ್ನು ಎರಡೆರಡು ಮಿ.ಮೀ. ಲೆನ್ಸಿನತ್ತ ಸರಿಸುತ್ತಾ ಹೋದೆ; ಒಂದು ಕಡೆ ಮೀಟರಿನ ಮುಳ್ಳು ಸರ್ರನೆ ಮೇಲೆದ್ದಿತು. ಆ ಖುಷಿ ಹೇಳತೀರದು!

ಪ್ರತಿಫಲನ ಇನ್ನೂ ಉಳಿದಿದೆ, ಲೆನ್ಸಿನ ಒಂದೊಂದು ಮೈಯಲ್ಲೂ ಸುಮಾರು ಶೇ. 3.4. ಅದನ್ನು ತಗ್ಗಿಸಲು ಲೆನ್ಸಿನ ಮೈಯಲ್ಲಿ 6.2 ಮಿ.ಮೀ. ಆಳದ ತೋಡುಗಳನ್ನು ಕೊರೆಸಲು ಮುಂದಿನ ವಾರ ಲೇತ್‌ಗೆ ಕೊಡುತ್ತೇನೆ.